ಅಕ್ಕ ಉಜ್ಜಿದ ಇಂಗ್ಲಿಷ್ ಕಾರು

ಹೋದ ವಾರ ನಮ್ಮ ಅಕ್ಕ ಒಂದು ಹಿಡಿ ಹುಣಸೆಹಣ್ಣು ತಗೊಂಡು ಇಂಗ್ಲೆಂಡನ್ನು ಉಜ್ಜಿ ಹಾಕಿದಳು.

ತಮಾಷೆಗೆ ಹೇಳುತ್ತಿಲ್ಲ. ನಮ್ಮ ರಾಜಾಜಿನಗರದಲ್ಲೇ, ಹಾಡಹಗಲಲ್ಲೇ, ಆಯುಧಪೂಜೆಯ ಹಿಂದಿನ ದಿನ ನಡೆದದ್ದು. ಸ್ವಾತಂತ್ರ್ಯದ ಗಲಾಟೆಯಲ್ಲಿ ಕೂಡ ನಮ್ಮ ಮನೆತನದ ಯಾರೂ ಬ್ರಿಟಿಷರಿಗೆ ಇಷ್ಟು ನಷ್ಟ ಮಾಡಿರಲಿಲ್ಲ.

ಮೊದಲಿಂದ ಹೇಳುತ್ತೇನೆ. ಇಲ್ಲದಿದ್ದರೆ ನೀವು ಸುಮ್ಮನೆ ಅಕ್ಕನ ಮೇಲೆ ತಪ್ಪು ಹೊರಿಸುತ್ತೀರಿ. (ಮೊದಲಿಂದ ಹೇಳಿದರೂ ಗಂಡಸರು ಹೊರಿಸುತ್ತೀರಿ. ಗೊತ್ತು.)

ನಮ್ಮ ಭಾವ ಶ್ರೀಕಂಠಯ್ಯನವರು ಇಲ್ಲೇ ಒಂದು ಫ್ಯಾಕ್ಟರಿಯಲ್ಲಿ ಫೋರ್‌ಮನ್. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಅವರ ಮನೆ. ಬಡಾವಣೆ ಹೊಸದು, ಸೈಟು ದೊಡ್ಡದು. ಎಲ್ಲರೂ ಸೈಟಿನ ಮೂಲೆಯಲ್ಲಿ ಒಂದು ಹಸು ಕಟ್ಟಿಕೊಂಡರು, ಇಲ್ಲವೇ ಸೌದೆ ಪೇರಿಸಿಕೊಂಡರು. ಭಾವ ಮಾತ್ರ ಜಿಂಕ್ ಶೀಟಿನ ಒಂದು ಶೆಡ್ಡು ಹಾಕಿ ಅದರೊಳಗೆ ಒಂದು ಕಾರು ಇಟ್ಟರು.

ಕಾರು ಅಂದರೆ ನೀವು ಅಂದುಕೊಳ್ಳುವ ಕಾರಲ್ಲ. ಡಾಕ್ಟರು, ವಕೀಲರು ಓಡಿಸುತ್ತಾರಲ್ಲ, ಆ ಜಾತಿಯದಲ್ಲ. ಎರಡೇ ಸೀಟು. ತಲೆಯ ಮೇಲೆ ಸೂರಿಲ್ಲ. ಬಾಗಿಲು ಮೊಳಕಾಲೆತ್ತರ. ಉದ್ದನೆಯ ಮೂತಿ, ಆ ಮೂತಿಗೆ ಅಡ್ಡಲಾಗಿ ಒಂದು ಚರ್ಮದ ಬೆಲ್ಟು. ಸೈಕಲ್ಲಿಗಿದ್ದ ಹಾಗೆ ಕಡ್ಡಿ ಕಡ್ಡಿಯ ಚಕ್ರ. ಬಣ್ಣ ದಟ್ಟ ಹಸಿರು, ನೆರಳಲ್ಲಿ ನಿಂತರೆ ಕಪ್ಪು. ಇಂಗ್ಲೆಂಡಿನಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಸ್ಪೋರ್ಟ್ಸ್ ಕಾರು. (ಕಂಪನಿಯ ಹೆಸರು ಬರೆದರೆ ಅದು ಜಾಹೀರಾತಾಗುತ್ತದೆ ಅಂತ ಸಂಪಾದಕರು ಕೆಂಪು ಪೆನ್ಸಿಲ್ ಎಳೆಯುತ್ತಾರೆ.)

ಎರಡು ಸೀಟಿನ ಕಾರನ್ನು ಯಾರಾದರೂ ಯಾಕೆ ಕಟ್ಟುತ್ತಾರೆ? ನಮ್ಮಲ್ಲಿ ಜಟಕಾ ಹತ್ತುವಾಗ ಕೂಡ "ಇನ್ನೂ ಇಬ್ಬರು ಹಿಡೀತಾರೆ ಬನ್ನಿ" ಅನ್ನುತ್ತೇವೆ. ಇಷ್ಟುದ್ದದ ಗಾಡಿ ಮಾಡಿ, ಮುಕ್ಕಾಲು ಪಾಲು ಜಾಗವನ್ನು ಇಂಜಿನ್ನಿಗೆ ಬಿಟ್ಟು, ಮನುಷ್ಯರಿಗೆ ಎರಡೇ ಎರಡು ಸೀಟು ಇಟ್ಟ ಜನ ನಮ್ಮನ್ನು ಅಷ್ಟು ವರ್ಷ ಹೇಗೆ ಆಳಿದರು ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ಕಾರು ಒಬ್ಬ ಇಂಗ್ಲಿಷ್ ದೊರೆಯದು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಅವರದೊಂದು ವರ್ಕ್‌ಶಾಪ್. ಭಾವ ಮೀಸೆ ಚಿಗುರುವ ವಯಸ್ಸಿನಲ್ಲಿ ಅಲ್ಲಿ ಕೆಲಸ ಕಲಿತವರು. ದೊರೆ ಈ ಕಾರನ್ನು ಊರಿಂದ ಹಡಗಿನಲ್ಲಿ ಮದರಾಸಿಗೆ ತರಿಸಿ, ಅಲ್ಲಿಂದ ತಾವೇ ಓಡಿಸಿಕೊಂಡು ಬಂದರಂತೆ. ಪಂದ್ಯ ಕಟ್ಟಿ ನಂದಿಬೆಟ್ಟ ಹತ್ತಿಸುತ್ತಿದ್ದರಂತೆ. ಆಮೇಲೆ ಒಂದು ದಿನ ಯಾವುದೋ ಮೋರಿಗೆ ಗುದ್ದಿ ಕಾರಿನ ಬೆನ್ನು ಮುರಿಯಿತು. ಅಷ್ಟರಲ್ಲಿ ಇಂಗ್ಲಿಷರು ಗಂಟುಮೂಟೆ ಕಟ್ಟುವ ಕಾಲವೂ ಬಂತು.

ಹೊರಡುವ ದಿನ ದೊರೆ ಭಾವನನ್ನು ಕರೆದು, "ಶ್ರೀಕಂಠ, ಇದನ್ನ ನೀನು ಇಟ್ಕೋ" ಅಂದರು. ಭಾವ ಕೈ ಮುಗಿದು, "ಹೇಗಿತ್ತೋ ಹಾಗೇ ಮಾಡ್ತೀನಿ ಸಾರ್" ಅಂದುಬಿಟ್ಟರು.

ಆ ಒಂದು ಮಾತು ನಮ್ಮ ಅಕ್ಕನ ನಾಲ್ಕು ವರ್ಷದ ಭಾನುವಾರಗಳನ್ನು ತಿಂದಿತು.

ಬೇರೆ ದಿನ ಭಾವ ಗಂಡನಂತೆಯೇ ಇರುತ್ತಾರೆ. ತರಕಾರಿ ತರುತ್ತಾರೆ, ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾರೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಶೆಡ್ಡಿಗೆ ಹೋದರೆ ಊಟಕ್ಕೆ ಮೂರು ಸಲ ಕರೆಯಬೇಕು. ಅಕ್ಕ ಆ ಕಾರಿಗೆ "ನನ್ನ ಸವತಿ" ಅಂತಲೇ ಹೆಸರಿಟ್ಟಿದ್ದಳು. "ಸವತಿಗೆ ಇವತ್ತು ಏನು ಅಲಂಕಾರವೋ ಹೋಗಿ ನೋಡೋ" ಅಂತ ನನ್ನನ್ನು ಕಳಿಸುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ನಾವೂ ನಗುತ್ತಿದ್ದೆವು.

ಭಾವನ ಹುಚ್ಚಿಗೆ ಒಂದೇ ಮಂತ್ರ: ಒರಿಜಿನಲ್. ಕಾರಿನ ಮೈಯ ಒಳಗೆ ಮರದ ಚೌಕಟ್ಟು ಇರುತ್ತದೆ. ಅದು ಇಂಗ್ಲೆಂಡಿನ ಮರ, ಗೆದ್ದಲು ತಿಂದಿತ್ತು. ಆ ಮರ ಇಲ್ಲಿ ಎಲ್ಲಿ ಸಿಗಬೇಕು? ಕೊನೆಗೆ ಒಲ್ಲದ ಮನಸ್ಸಿನಿಂದ ಹೊನ್ನೆ ಮರ ಹಾಕಿಸಿದರು. "ಒಳಗೆ ಹೊನ್ನೆ, ಹೊರಗೆ ಇಂಗ್ಲೆಂಡು" ಅಂತ ನಾನು ಅಂದಿದ್ದಕ್ಕೆ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಬಲಗಡೆ ಸೀಟಿನ ಹಳೆಯ ಚರ್ಮವನ್ನು ಎಣ್ಣೆ ಕುಡಿಸಿ ಕುಡಿಸಿ ಉಳಿಸಿಕೊಂಡರು. ಎಡಗಡೆಯದನ್ನು ಇಲಿ ತಿಂದಿತ್ತು. ಅದಕ್ಕೆ ಅದೇ ಹೊಲಿಗೆ, ಅದೇ ಮಡಿಕೆ ನೋಡಿಕೊಂಡು ಹೊಸ ಚರ್ಮ ಹಾಕಿಸಿ, ಮೇಲೊಂದು ಪಂಚೆ ಮುಚ್ಚಿಟ್ಟರು.

ಮತ್ತು ಯಾರನ್ನೂ ಕೂರಿಸಲಿಲ್ಲ. ಯಾರನ್ನೂ ಅಂದರೆ ಯಾರನ್ನೂ. ಕಾರು ಓಡುವಂತಾದ ಮೇಲೆ ಮುಂಜಾನೆ ಮಾಗಡಿ ರಸ್ತೆಯಲ್ಲಿ ಶ್ರೀಗಂಧದ ಕಾವಲಿನವರೆಗೆ ಟ್ರಯಲ್ ಹೋಗಿ ಬರುತ್ತಿದ್ದರು. ಒಬ್ಬರೇ. ನಾನು ಹಲ್ಲು ಗಿಂಜಿ ಕೇಳಿದೆ, ಆಗಲಿಲ್ಲ. ಮಕ್ಕಳು ಅತ್ತರು, ಆಗಲಿಲ್ಲ. ಅಕ್ಕ ಕೇಳಲೇ ಇಲ್ಲ. ಆದರೆ ಕಾರಿನ ಸದ್ದು ಬಂದಾಗಲೆಲ್ಲ ಒಲೆಯ ಮುಂದಿಂದ ಎದ್ದು ಕಿಟಕಿಗೆ ಬರುತ್ತಿದ್ದಳು. ಆಕೆಗೆ ಆಸೆ ಇತ್ತು. ಒಂದೇ ಒಂದು ಸಲ, ಗಂಡನ ಪಕ್ಕದಲ್ಲಿ ಕೂತು ಹೋಗುವ ಆಸೆ. ಅದನ್ನು ನೋಡಲು ದುರ್ಬೀನು ಬೇಕಿರಲಿಲ್ಲ. ಭಾವನಿಗೆ ಮಾತ್ರ ಕಾಣಲಿಲ್ಲ.

ಹೀಗಿರುವಾಗ ಹೋದ ತಿಂಗಳು ಸುದ್ದಿ ಬಂತು. ದೊರೆ ಊರಿನಲ್ಲಿ ತೀರಿಕೊಂಡು ಎರಡು ವರ್ಷವಾಯಿತಂತೆ. ಅವರ ಹೆಂಡತಿ, ನಮ್ಮ ಭಾವ ಇವತ್ತಿಗೂ "ಮೇಡಂ" ಅಂತ ಎದ್ದು ನಿಂತೇ ಹೇಳುವ ದೊರೆಸಾನಿ, ನೀಲಗಿರಿಯಲ್ಲಿರುವ ಮಗಳ ಮನೆಗೆ ಹೋಗುತ್ತಾ ದಾರಿಯಲ್ಲಿ ಬೆಂಗಳೂರಿಗೆ ಬಂದು ಕಾರು ನೋಡಿಕೊಂಡು ಹೋಗುತ್ತಾರಂತೆ. ಬರುವ ದಿನ ಸರಿಯಾಗಿ ಆಯುಧಪೂಜೆ.

ಭಾವನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. "ಮೇಡಂ ಬಂದು, ಹೌದು, ಹೇಗಿತ್ತೋ ಹಾಗೇ ಇದೆ ಅಂದ್ರೆ ಸಾಕು ಕಣಯ್ಯ. ನನ್ನ ಮಾತು ಉಳೀತು" ಅಂತ ನನ್ನ ಹತ್ತಿರ ಹೇಳಿಕೊಂಡರು.

ಈಗ ಹುಣಸೆಹಣ್ಣಿಗೆ ಬರೋಣ.

ಆಯುಧಪೂಜೆಯ ಹಿಂದಿನ ದಿನ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ನಿಮಗೆ ಗೊತ್ತು. ಮನೆಯಲ್ಲಿರುವ ಲೋಹವೆಲ್ಲ ಹಿತ್ತಿಲಿಗೆ ಬರುತ್ತದೆ. ಕೊಡ, ಕೊಳಗ, ದೀಪ, ಈಳಿಗೆಮಣೆ, ಮಚ್ಚು. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಅಕ್ಕ ಬೆಳಿಗ್ಗೆಯಿಂದ ಉಜ್ಜುತ್ತಿದ್ದಳು. ಭಾವ ಫ್ಯಾಕ್ಟರಿಯಲ್ಲಿ ಮೆಷಿನ್‌ಗಳನ್ನು ಒರೆಸಿಸುತ್ತಿದ್ದರು.

ಎಲ್ಲ ಮುಗಿದ ಮೇಲೆ ಅಕ್ಕನಿಗೆ ಶೆಡ್ಡು ಕಣ್ಣಿಗೆ ಬಿತ್ತು. ನಾಳೆ ಅದಕ್ಕೂ ತಾನೇ ಪೂಜೆ? ಅಷ್ಟು ದೂರದಿಂದ ಹೆಂಗಸು ನೋಡಲು ಬರುತ್ತಾಳೆ. ಇಷ್ಟು ವರ್ಷ ಸವತಿ ಸವತಿ ಅಂತ ಬೈದಿದ್ದಾಯಿತು, ಒಂದು ದಿನ ಒಂದಿಷ್ಟು ಸೇವೆ ಮಾಡೋಣ ಅನ್ನಿಸಿತಂತೆ. ಒಳಗೆ ಹೋಗಿ ನೋಡಿದಳು. ಕಾರಿನ ಮೂತಿಯ ಮುಂದೆ ರೇಡಿಯೇಟರಿನ ದೊಡ್ಡ ಚೌಕಟ್ಟು, ಅಕ್ಕಪಕ್ಕ ಎರಡು ದೀಪ. ಮೇಲೆಲ್ಲ ಬೆಳ್ಳಗೆ, ಅಂಚಿನಲ್ಲಿ ಅಲ್ಲಲ್ಲಿ ಹಳದಿ ಇಣುಕುತ್ತಿದೆ. ಬೆರಳಿನಿಂದ ತಟ್ಟಿ ನೋಡಿದಳು. ಅಯ್ಯೋ, ಹಿತ್ತಾಳೆ!

ಹಿತ್ತಾಳೆ ಪಾತ್ರೆ ಇರುವ ಯಾವ ಮನೆಯ ಹೆಣ್ಣುಮಗಳನ್ನಾದರೂ ಕೇಳಿ. ಹಿತ್ತಾಳೆಯ ಮೇಲೆ ಬೆಳ್ಳಗಿರುವುದು ಏನು? ಕಲಾಯಿ. ಕಲಾಯಿ ಎಲ್ಲಿರಬೇಕು? ಪಾತ್ರೆಯ ಒಳಗೆ. ಹುಳಿ ಕಿಲುಬಬಾರದು ಅಂತ. ಹೊರಗೆ ಯಾರಾದರೂ ಕಲಾಯಿ ಹಾಕಿಸುತ್ತಾರಾ?

"ಕಲಾಯಿಯೋನು ಮೈಮೇಲೆ ಪ್ರಜ್ಞೆ ಇಲ್ಲದೆ ಹೊರಗೆಲ್ಲ ಮೆತ್ತಿದಾನೆ ಅಂದ್ಕೊಂಡೆ ಕಣೋ" ಅಂತ ಅಕ್ಕ ಆಮೇಲೆ ನನಗೆ ಹೇಳಿದಳು. "ಅಲ್ಲಲ್ಲಿ ಎದ್ದು ಬೇರೆ ಹೋಗಿತ್ತು. ಹಾಗೆ ಬಿಟ್ರೆ ಅಸಹ್ಯ ಅಲ್ವಾ?"

ಅದು ಕಲಾಯಿಯಲ್ಲ, ನಿಕ್ಕಲ್. ಇಂಗ್ಲೆಂಡಿನಲ್ಲಿ ಹಾಕಿದ ನಿಕ್ಕಲ್. ಸವೆದು ಸವೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದ್ದದ್ದನ್ನು ಭಾವ ಹೂವಿನಂತೆ ಕಾಪಾಡಿದ್ದರು. ಹೊಸದಾಗಿ ಹಾಕಿಸಬಹುದಿತ್ತು, ಬೇಡ ಅಂದಿದ್ದರು. ಅದು ದೊರೆ ತಮ್ಮ ಕೈಯಾರೆ ಒರೆಸುತ್ತಿದ್ದ ನಿಕ್ಕಲ್ ಅಂತೆ. ಅಕ್ಕನ ತೆಂಗಿನ ನಾರಿಗೆ ಇದೆಲ್ಲ ಯಾರು ಹೇಳಬೇಕು? ಸಂಜೆಯ ಹೊತ್ತಿಗೆ ರೇಡಿಯೇಟರ್ ದೇವರ ಮನೆಯ ನಂದಾದೀಪದಂತೆ ಹಳದಿ ಹೊಳೆಯುತ್ತಿತ್ತು.

ಭಾವ ಬಂದರು. ನೋಡಿದರು. ಕೂಗಾಡಿದ್ದರೆ ಒಳ್ಳೆಯದಿತ್ತು. ಕೂಗಾಡಲಿಲ್ಲ. ಮೆಲ್ಲಗೆ ಕೇಳಿದರಂತೆ: "ನಿನಗೂ ಈ ಕಾರಿಗೂ ಏನು ಸಂಬಂಧ? ಯಾರು ನಿನಗೆ ಮುಟ್ಟು ಅಂದೋರು?"

ಅಕ್ಕ ಕೈ ತೊಳೆದುಕೊಂಡು, ಇಬ್ಬರು ಮಕ್ಕಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. "ಹಬ್ಬಕ್ಕೆ ಇಲ್ಲೇ ಇರ್ತೀನಿ" ಅಂದಳು. ತವರುಮನೆ ಎರಡು ರಸ್ತೆ ಆಚೆ ಇದ್ದರೆ ಇದೊಂದು ಅನುಕೂಲ; ಸಿಟ್ಟು ಆರುವುದರೊಳಗೆ ತಲುಪಬಹುದು.

ನನಗೆ ಸಂಕಟವಾಯಿತು. ಕಣ್ಣೀರು ಹಾಕುವ ಜಾತಿಯಲ್ಲ ನಮ್ಮಕ್ಕ. ಸುಮ್ಮನೆ ನನ್ನ ಹೆಂಡತಿಯ ಜೊತೆ ಹೂ ಕಟ್ಟುತ್ತಾ ಕೂತಳು. "ಏನು ಸಂಬಂಧ ಅಂದ್ಬಿಟ್ರು ಕಣೋ" ಅಂತ ಒಂದು ಸಲ ಅಂದಳು, ಅಷ್ಟೇ. ನಾಲ್ಕು ವರ್ಷ ಆ ಕಾರಿನ ಎಣ್ಣೆ ಹತ್ತಿದ ಅಂಗಿಗಳನ್ನು ಒಗೆದವಳಿಗೆ ಕೇಳುವ ಪ್ರಶ್ನೆಯೇ ಅದು?

ನಾನು ಭಾವನ ಹತ್ತಿರ ಹೋದೆ. ಶೆಡ್ಡಿನಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದರು.

"ಬಂದ್ಯಾ? ಒಳ್ಳೇದಾಯ್ತು. ನಾಳೆ ಮೇಡಂಗೆ ಕ್ಷಮೆ ಕೇಳ್ಬೇಕು. ಇಂಗ್ಲಿಷಲ್ಲಿ ಹೇಗೆ ಹೇಳೋದು ಅಂತ ಸ್ವಲ್ಪ ಹೇಳ್ಕೊಡಯ್ಯ" ಅಂದರು.

ನನಗೆ ಪಿತ್ತ ನೆತ್ತಿಗೇರಿತು. "ಭಾವ, ನೀವು ಕನ್ನಡದಲ್ಲೇ ಕ್ಷಮೆ ಕೇಳ್ಬೇಕಾದೋರು ನಮ್ಮನೇಲಿ ಹೂ ಕಟ್ತಾ ಕೂತಿದಾರೆ. ಮೊದಲು ಅದನ್ನ ಕಲೀರಿ" ಅಂದು ಎದ್ದು ಬಂದೆ. (ಭಾವನ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು.)

ಬೆಳಿಗ್ಗೆ ಅಕ್ಕ ತಾನೇ ಸ್ನಾನ ಮಾಡಿ ಹೊರಟಳು. "ಪೂಜೆ ನಿಲ್ಲಬಾರದು ಅಂತ ಹೋಗ್ತಾ ಇದೀನಿ. ಅವರಿಗೋಸ್ಕರ ಅಲ್ಲ" ಅಂತ ನಮಗೆಲ್ಲ ಕೇಳುವ ಹಾಗೆ ಹೇಳಿದಳು. ಅಲ್ಲಿ ಹೋದರೆ ಗಂಡ ಹೆಂಡತಿ ಮಾತಿಲ್ಲ. ಮಾವಿನ ತೋರಣ ಕಟ್ಟುವಾಗ ಕೂಡ ಇಬ್ಬರೂ ನನ್ನ ಮೂಲಕವೇ ಮಾತಾಡಿದರು. "ದಾರ ಕೊಡೋಕೆ ಹೇಳು." "ದಾರ ಅಲ್ಲೇ ಇದೆ ಅಂತ ಹೇಳು."

ಹತ್ತು ಗಂಟೆಗೆ ಟ್ಯಾಕ್ಸಿ ಬಂತು. ದೊರೆಸಾನಿ ಇಳಿದರು. ನಾನು ಭಾರೀ ಹೆಂಗಸನ್ನು ಊಹಿಸಿಕೊಂಡಿದ್ದೆ. ಬಂದವರು ಸಣಕಲು ಮುದುಕಿ, ಹೂವಿನ ಚಿತ್ರದ ಗೌನು, ಕೈಯಲ್ಲಿ ಬೆತ್ತ. ಬೀದಿಯ ಜನವೆಲ್ಲ ಕಾಂಪೌಂಡಿಗೆ ಒರಗಿತು. ಭಾವನ ಇಂಗ್ಲಿಷು ನಟ್ಟು ಬೋಲ್ಟಿನ ಆಚೆ ಹೋಗುವುದಿಲ್ಲ, ಹಾಗಾಗಿ ದುಭಾಷಿ ನಾನೇ. (ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಇಲ್ಲಿರುವ ಕನ್ನಡ ನನ್ನದು.)

ದೊರೆಸಾನಿ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ಬಾನೆಟ್ಟಿನ ಮೇಲೆ ಕೈ ಇಟ್ಟರು. ಆಮೇಲೆ ರೇಡಿಯೇಟರ್ ನೋಡಿ, "ಇದೇನಿದು, ಬಂಗಾರ!" ಅಂದರು.

ಭಾವ ರಾತ್ರಿ ತಾವೇ ಹೇಗೋ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷ್ ಕ್ಷಮೆಯನ್ನು ಶುರು ಮಾಡಿದರು. ಮೊದಲ ಮಾತಿಗೇ ನಾಲಿಗೆ ತೊದಲಿತು. ಅಕ್ಕ ಬಾಗಿಲ ಹಿಂದಿಂದ ಮುಂದೆ ಬಂದಳು. "ನಾನೇ ಉಜ್ಜಿದ್ದು ಅಂತ ಹೇಳೋ. ಕಲಾಯಿ ಅಂದ್ಕೊಂಡೆ ಅಂತ ಹೇಳು. ಅವರದೇನೂ ತಪ್ಪಿಲ್ಲ ಅಂತಾನೂ ಹೇಳು."

ಕಲಾಯಿಗೆ ಇಂಗ್ಲಿಷಿನಲ್ಲಿ ಏನು ಹೇಳುವುದು? ನಾನು ಒಳಗೆ ಓಡಿ ಹುಳಿ ಪಾತ್ರೆಯನ್ನೇ ತಂದು, ಒಳಗೆ ಬಿಳಿ, ಹೊರಗೆ ಹಳದಿ, ಹೀಗಿರಬೇಕು, ನಿಮ್ಮ ಕಾರು ಉಲ್ಟಾ ಇತ್ತು ಅಂತ ತೋರಿಸಿದೆ. ದೊರೆಸಾನಿ ಪಾತ್ರೆ ನೋಡಿದರು, ಕಾರು ನೋಡಿದರು, ಅಕ್ಕನ ಕೆಂಪಾದ ಬೆರಳು ನೋಡಿದರು. ಬೆತ್ತದ ಮೇಲೆ ಬಾಗಿ ಬಾಗಿ ನಕ್ಕರು.

"ನಾನು ಅದನ್ನು ಮುಟ್ಟಿದ್ದರೆ ನನ್ನ ಗಂಡ ನನ್ನನ್ನು ಮುಂದಿನ ಹಡಗಿಗೆ ಹತ್ತಿಸುತ್ತಿದ್ದ" ಅಂದರು.

ಅಲ್ಲಿಗೆ ಗಂಡಾಂತರ ಕಳೆಯಿತು ಅಂದುಕೊಂಡೆವು. ದೊರೆಸಾನಿ ಎಡಗಡೆ ಬಾಗಿಲು ತೆಗೆದು, ಪಂಚೆ ಸರಿಸಿ, ಮೆಲ್ಲಗೆ ಸೀಟಿನಲ್ಲಿ ಕೂತರು. ಕೈಯಿಂದ ಚರ್ಮ ಸವರಿದರು. ಅಲುಗಾಡಿ ನೋಡಿದರು. ತಲೆ ಅಲ್ಲಾಡಿಸಿದರು.

"ಇಲ್ಲ, ಹೀಗಿರಲಿಲ್ಲ" ಅಂದರು.

ಭಾವನಿಗೆ ಅಷ್ಟು ಇಂಗ್ಲಿಷು ಅರ್ಥವಾಯಿತು. ಮುಖ ಸುಣ್ಣವಾಯಿತು.

"ಬಲಗಡೆಯದು ಸರಿಯಾಗಿದೆ. ಅವನು ಕೂತು ಎದ್ದು ಹೋದ ಹಾಗೇ ಇದೆ. ಆದರೆ ಈ ಸೀಟು ಸವೆದಿತ್ತು. ಇಲ್ಲೊಂದು ತಗ್ಗು ಇತ್ತು, ಅದು ನನ್ನದು. ಈ ಸೀಟಿನಲ್ಲಿ ಯಾರೂ ಕೂತೇ ಇಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ಕೂತಿಲ್ಲವೇ?"

ನಾನು ಕನ್ನಡಕ್ಕೆ ತರುವ ಮೊದಲೇ ಅಕ್ಕ ಇಲ್ಲ ಅಂತ ಕತ್ತು ಆಡಿಸಿದಳು. ಕೆಲವು ಪ್ರಶ್ನೆಗಳಿಗೆ ದುಭಾಷಿ ಬೇಕಿಲ್ಲ.

ಭಾವ ತಡವರಿಸಿದರು. "ಮೇಡಂಗೆ ಅಂತ ಮೀಸಲಿಟ್ಟಿದ್ದೆ, ಹೇಳಯ್ಯ. ಅವರು ಕೂರೋ ಮುಂಚೆ ಇನ್ನೊಬ್ಬರು ಕೂರಬಾರದು ಅಂತ."

ಮೀಸಲು! ನೈವೇದ್ಯಕ್ಕೆ ಮುಂಚೆ ಅಡುಗೆಯನ್ನು ಯಾರೂ ಮುಟ್ಟುವುದಿಲ್ಲವಲ್ಲ, ಹಾಗೆ, ಅಂತ ವಿವರಿಸಿದೆ. ದೊರೆಸಾನಿ ಗಮನವಿಟ್ಟು ಕೇಳಿದರು. ಬೆತ್ತ ಊರಿಕೊಂಡು ಕಾರಿನಿಂದ ಇಳಿದರು.

"ಸರಿ, ಹಾಗಾದರೆ ದೇವರು ತಿಂದಾಯಿತು ಅಂತ ಹೇಳು. ಇನ್ನು ಮನೆಯವರಿಗೆ ಬಡಿಸಲಿ."

ಇದನ್ನು ಭಾಷಾಂತರ ಮಾಡುವಾಗ ನನ್ನ ದನಿ ಸ್ವಲ್ಪ ಜೋರಾಯಿತು. ಕಾಂಪೌಂಡಿನ ಜನಕ್ಕೂ ಕೇಳಲಿ ಅಂತ.

ನಿಜ ಹೇಳಿ, ಇದು ಭಾವನೊಬ್ಬರ ಕಥೆಯಾ? ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಒಂದು ಪಿಂಗಾಣಿ ಟೀ ಸೆಟ್ಟಿದೆ. ನನ್ನ ಹೆಂಡತಿಯ ತವರಿನದು. ಬರುವ ನೆಂಟರಿಗೆ ಮೀಸಲು. ಅವಳು ಒಂದು ದಿನವೂ ಅದರಲ್ಲಿ ಕುಡಿದಿಲ್ಲ, ಸೊಟ್ಟ ಲೋಟವೇ ಅವಳಿಗೆ. ಒಳ್ಳೆಯ ಜಮಖಾನ ಯಾರಿಗೆ? ಬರುವವರಿಗೆ. ನಡುಮನೆಯ ಒಳ್ಳೆಯ ಕುರ್ಚಿ? ಬರುವವರಿಗೆ. ಯಾವಾಗಲೂ ಇಲ್ಲೇ ಇರುವವರಿಗೆ ಏನಿಟ್ಟಿದ್ದೇವೆ? ಇಂಗ್ಲಿಷರು ಹಳೆಯದನ್ನು ಹಳೆಯದಾಗಿಯೇ ಇಡುತ್ತಾರೆ. ನಾವು ಹೊಸದನ್ನು ಹೊಸದಾಗಿಯೇ ಇಟ್ಟು ಹಳತು ಮಾಡುತ್ತೇವೆ. ನಡುವೆ ಬಳಸೋದು ಅಂತ ಒಂದಿದೆ, ಅದು ಇಬ್ಬರಿಗೂ ಮರೆತು ಹೋಗುತ್ತದೆ.

ಪೂಜೆ ಆಯಿತು. ಬಾನೆಟ್ಟಿಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಕುಂಕುಮ ಬಣ್ಣಕ್ಕೆ ತಾಗುತ್ತದೆ ಅಂತ ವರ್ಷಾ ವರ್ಷ ಗೊಣಗುತ್ತಿದ್ದ ಭಾವ ಈ ಸಲ ತುಟಿ ಪಿಟಕ್ಕೆನ್ನಲಿಲ್ಲ. ಹಿತ್ತಾಳೆಯ ಮೇಲೆ ಅಕ್ಕನೇ ಕುಂಕುಮ ಇಟ್ಟಳು. ಚೆನ್ನಾಗಿ ಕಂಡಿತು, ಒಪ್ಪಿಕೊಳ್ಳಬೇಕು.

ಆಮೇಲೆ ಭಾವ ಕಾರಿನ ಬಲಗಡೆ ಕೂತು, ಎಡಗಡೆ ಬಾಗಿಲನ್ನು ಒಳಗಿನಿಂದಲೇ ತೆರೆದರು. ಬೀದಿಯೆಲ್ಲ ನೋಡುತ್ತಿದೆ. ಕಿವಿಯವರೆಗೆ ಕೆಂಪಾಗಿದ್ದರು.

"ಬಾರೇ" ಅಂದರು. ಸ್ವಲ್ಪ ತಡೆದು, ತಲೆ ತಗ್ಗಿಸಿ, "ನೆನ್ನೆ ಹಾಗನ್ನಬಾರದಾಗಿತ್ತು ನಾನು. ತಪ್ಪಾಯ್ತು, ಬಾ" ಅಂದರು.

ಕನ್ನಡ ಬರುತ್ತದೆ ಅವರಿಗೆ!

"ಇದರಲ್ಲಿ ಕಾಲೆಲ್ಲಿಡೋದು?" ಅಂದಳು ಅಕ್ಕ. ಅಷ್ಟೇ ಅವಳ ಉತ್ತರ. ಸೆರಗು ಬಿಗಿದುಕೊಂಡು, ಮಕ್ಕಳನ್ನು ನನ್ನ ಕಡೆ ದಾಟಿಸಿ, ಹತ್ತಿ ಕೂತಳು. ಹೆಂಡತಿ ಎಡಕ್ಕಿರಬೇಕು ಅಂತ ನಮ್ಮ ಹಿರಿಯರೂ ಹೇಳುತ್ತಾರೆ. ಇಂಗ್ಲಿಷರ ಕಾರು ಈ ಒಂದು ವಿಷಯದಲ್ಲಿ ಶಾಸ್ತ್ರ ಬಿಟ್ಟಿಲ್ಲ. ನಿಂಬೆಹಣ್ಣು ಚಿಟ್ ಎಂದು ಒಡೆಯಿತು. ಗುಡುಗುವ ಸದ್ದು ಮಾಡಿಕೊಂಡು ಕಾರು ಕೆಂಗೇರಿಯ ದಿಕ್ಕು ಹಿಡಿಯಿತು. ತಿರುವಿನಲ್ಲಿ ಅಕ್ಕನ ಮುಡಿಯ ಹೂವು ಹಾರಿ ರಸ್ತೆಗೆ ಬಿತ್ತು.

ದೊರೆಸಾನಿ ಗೇಟಿನಲ್ಲಿ ನಿಂತು ಆ ಸದ್ದು ದೂರವಾಗುವವರೆಗೂ ಕೇಳಿಸಿಕೊಂಡರು. "ಗೇರು ಬದಲಾಯಿಸೋಕೆ ಅವಸರ. ಅವನೂ ಹೀಗೇ" ಅಂದರು. ಕಣ್ಣು ಒರೆಸಿಕೊಳ್ಳಲಿಲ್ಲ, ಆದರೆ ಸ್ವಲ್ಪ ಹೊತ್ತು ನನ್ನ ಕಡೆ ತಿರುಗಲೂ ಇಲ್ಲ. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟೆವು. ಹಿತ್ತಾಳೆ ಲೋಟ ಎತ್ತಲು ಹೋಗಿ ಬೆರಳು ಸುಟ್ಟುಕೊಂಡು, ಮತ್ತೆ ನಕ್ಕರು. ಹೋಗುವಾಗ ಅಕ್ಕನಿಗೆ ಕೊಡು ಅಂತ ತಮ್ಮ ತಲೆಗೆ ಕಟ್ಟುವ ರೇಷ್ಮೆ ವಸ್ತ್ರ ಬಿಟ್ಟು ಹೋದರು. ಗಾಳಿಗೆ ಬೇಕಾಗುತ್ತದಂತೆ.

ಅಕ್ಕ ಭಾವ ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಮೂರಾಯಿತು, ನಾಲ್ಕಾಯಿತು. ಹೋಳಿಗೆ ಆರಿತು. ಮಕ್ಕಳು ಎರಡು ಸಲ ಅತ್ತು ಸುಮ್ಮನಾದವು. ಮತ್ತೆ ಮೋರಿಗೆ ಗುದ್ದಿದರೇನೋ ಅಂತ ನಾನು ಸೈಕಲ್ ತೆಗೆಯುವಷ್ಟರಲ್ಲಿ ಸದ್ದು ಕೇಳಿಸಿತು. ಇಬ್ಬರ ತಲೆಯೂ ಕೆಂಪು ಧೂಳು. ಅಕ್ಕನ ಜಡೆ ಅರ್ಧ ಬಿಚ್ಚಿತ್ತು.

"ಏನಕ್ಕ, ಕೆಂಗೇರಿಗೆ ಇಷ್ಟು ಹೊತ್ತಾ? ಎತ್ತಿನಗಾಡಿ ಇದಕ್ಕಿಂತ ಬೇಗ ಬರುತ್ತೆ!" ಅಂದೆ.

"ಏನ್ಮಾಡೋದು ಹೇಳು? ಓಡ್ತಾ ಇದ್ರೆ ಬರೀ ಗಾಳಿ ಕಣೋ, ಒಂದು ಮಾತೂ ಕೇಳ್ಸಲ್ಲ. ಅದಕ್ಕೇ ಮಾತಾಡ್ಬೇಕು ಅನ್ನಿಸ್ದಾಗೆಲ್ಲ ನಿಲ್ಲಿಸ್ತಾ ಇದ್ರು" ಅಂದು ಅಕ್ಕ ದೀಪ ಹಚ್ಚಲು ಒಳಗೆ ಹೋದಳು.

ಗಾಳಿಯನ್ನೇ ಸೋಲಿಸಬೇಕೆಂದು ಕಟ್ಟಿದ ಕಾರು ಹೀಗೆ ಮರಮರದ ನೆರಳಿಗೂ ನಿಂತು ನಿಂತು ಬಂದರೆ, ಅದು ಸೋತಂತಾ ಗೆದ್ದಂತಾ, ನೀವೇ ಹೇಳಿ.